ಅಂಗಳದಲ್ಲಿ ಒಲೆ ಹೂಡಿದವಳು

ಆಲ್ಕೊಳ ವೃತ್ತದ ಬೀದಿದೀಪಗಳು ಇನ್ನೂ ಉರಿಯುತ್ತಿವೆ. ಹಾಲಿನ ವ್ಯಾನು ಕ್ರೇಟುಗಳನ್ನು ಇಳಿಸಿ ಹೋಗಿದೆ. ಅಂಗಡಿಯ ಷಟರ್ ಎತ್ತಬೇಕಾದವರು ಇನ್ನೂ ಬಂದಿಲ್ಲ. ಅಷ್ಟರಲ್ಲಿ ಪೇಟೆಯ ಕಡೆಯಿಂದ ಒಂದು ಟಿವಿಎಸ್ ಎಕ್ಸೆಲ್ ಕೆಮ್ಮುತ್ತ ಬರುತ್ತದೆ. ಓಡಿಸುತ್ತಿರುವವರು ಸೀರೆಯ ಮೇಲೆ ಗಂಡಸರ ಖಾಕಿ ಅಂಗಿ ತೊಟ್ಟಿದ್ದಾರೆ. ಕಿವಿಗೆ ಮಫ್ಲರ್, ಅದರ ಮೇಲೆ ಹೆಲ್ಮೆಟ್. ವೃತ್ತ ದಾಟಿ ಒಳರಸ್ತೆಗೆ ತಿರುಗಿದ ಗಾಡಿ ಮೂರು ಮಹಡಿಯ ಕಟ್ಟಡವೊಂದರ ಮುಂದೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಇಳಿಯುವ ಗೋಜಿಗೆ ಹೋಗದೆ, ಮುಂದಿನ ಚಕ್ರದಿಂದಲೇ ಗೇಟು ತಳ್ಳಿಕೊಂಡು ಅವರು ಒಳಗೆ ಹೋಗುತ್ತಾರೆ.

ಇವರು ಕಾಳಮ್ಮ. ಭದ್ರಾವತಿಯ ಜನ್ನಾಪುರದವರು. ವಯಸ್ಸು ಐವತ್ತು ದಾಟಿದೆ. ಎಷ್ಟು ದಾಟಿದೆ ಎಂದು ಕೇಳಿದರೆ, "ತುಂಗಾ ಸೇತುವೆ ದಾಟಿ ಬಂದ್ಮೇಲೆ ಎಷ್ಟು ದೂರ ದಾಟ್ದೆ ಅಂತ ಹಿಂದಕ್ಕೆ ತಿರುಗಿ ಅಳೀತೀಯೇನು?" ಎನ್ನುತ್ತಾರೆ. ದುಡಿಯುವ ಹೆಣ್ಣುಮಕ್ಕಳ ಈ ವಸತಿಗೃಹಕ್ಕೆ ಅವರು ಎಂಟು ವರ್ಷಗಳಿಂದ ನೀರು ಕಾಯಿಸುತ್ತಿದ್ದಾರೆ. ಇಲ್ಲಿರುವವರು ನರ್ಸ್‌ಗಳು, ಬಟ್ಟೆ ಅಂಗಡಿಗಳ ಸೇಲ್ಸ್ ಹುಡುಗಿಯರು, ಫೈನಾನ್ಸ್ ಕಂಪನಿಯವರು, ನನ್ನಂತೆ ಓದು ಮುಗಿಸಿ ಕೆಲಸ ಹುಡುಕುತ್ತಿರುವ ಕೆಲವರು, ಒಟ್ಟು ಅರವತ್ತಕ್ಕೂ ಹೆಚ್ಚು ಮಂದಿ. ನೆಲಮಹಡಿಯ ಮುಂಭಾಗದಲ್ಲಿ ಮಾಲೀಕ ಶಿವಯೋಗಪ್ಪನವರ ಸ್ವಂತ ಮನೆ. ಒಂದೇ ಕಟ್ಟಡ, ಒಂದೇ ಪೈಪಿನ ಸಾಲು, ಎಲ್ಲರಿಗೂ ಒಂದೇ ಬಿಸಿನೀರು.

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಶೀಟು ಹೊದಿಸಿದ ಸಣ್ಣ ಕೋಣೆಯಿದೆ. ಅದೇ ಬಾಯ್ಲರ್ ಮನೆ. ಕಾಳಮ್ಮ ಬೀಗ ತೆಗೆದು ಒಳಗೆ ಹೋಗಿ, ಮೇಲಿನಿಂದ ಇಳಿದು ಬರುವ ಪೈಪಿನ ಮೇಲೆ ಅಂಗೈ ಇಡುತ್ತಾರೆ. ಜ್ವರ ನೋಡುವಂತೆ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಳ್ಳುತ್ತಾರೆ.

"ಮೂಲೇಲಿ ನಿಂತ್ಕೊಂಡು ಏನು ನೋಡ್ತೀಯ ಮಾರಾಯ್ತಿ? ಬಾ ಇಲ್ಲಿ, ಟಾರ್ಚ್ ಹಿಡಿ" ಎಂದು ನನ್ನನ್ನು ಕರೆಯುತ್ತಾರೆ. "ಮೇಲಿನೋನು ರಾತ್ರಿಯೆಲ್ಲ ದುಡಿದಿದಾನೆ, ಪಾಪ. ಆದ್ರೆ ಚಳಿಗೆ ಅವನಿಗೂ ಕೈಕಾಲು ಬರ್ತಿಲ್ಲ. ಕೆಳಗಿನೋನನ್ನ ಎಬ್ಬಿಸ್ಬೇಕು."

ಮೇಲಿನವನೆಂದರೆ ತಾರಸಿಯ ಮೇಲಿರುವ ಹೀಟ್ ಪಂಪು. ನೋಡಲು ಎ.ಸಿ.ಯ ಹೊರಗಿನ ಪೆಟ್ಟಿಗೆಯಂತೆಯೇ ಇದೆ, ಗಾತ್ರ ಮಾತ್ರ ದೊಡ್ಡದು. ಸುತ್ತಲಿನ ಗಾಳಿಯಲ್ಲಿರುವ ಶಾಖವನ್ನು ಎಳೆದುಕೊಂಡು ಪಕ್ಕದ ಟ್ಯಾಂಕಿನ ನೀರಿಗೆ ಕೊಡುತ್ತದೆ. ಕರೆಂಟು ಕಡಿಮೆ ತಿನ್ನುತ್ತದೆ, ಆದರೆ ನಿಧಾನ. ಗಾಳಿ ತಣ್ಣಗಾದಷ್ಟೂ ಇನ್ನೂ ನಿಧಾನ. ಕೆಳಗಿನವನೆಂದರೆ ಈ ಕೋಣೆಯಲ್ಲಿರುವ ಬಾಯ್ಲರು. ಡೀಸೆಲ್ ಉರಿಸಿ ಬೇಗ ಬೇಗ ನೀರು ಕಾಯಿಸುತ್ತದೆ. ಖರ್ಚೂ ಅಷ್ಟೇ ಬೇಗ ಏರುತ್ತದೆ. ಇಬ್ಬರೂ ಒಂದೇ ಟ್ಯಾಂಕಿಗೆ ದುಡಿಯುತ್ತಾರೆ. ಹೆಚ್ಚಿನ ದಿನಗಳಲ್ಲಿ ಮೇಲಿನವನೇ ಸಾಕು. ಇಂಥ ಚಳಿಯಲ್ಲಿ, ಕರೆಂಟು ಕೈಕೊಟ್ಟ ದಿನಗಳಲ್ಲಿ ಕೆಳಗಿನವನು ಬೇಕು.

ಕಾಳಮ್ಮ ಡೀಸೆಲ್ಲಿನ ಕವಾಟ ತಿರುಗಿಸಿ, ಕೆಳಗೆ ಸೋರಿದೆಯೇ ಎಂದು ಬೆರಳಾಡಿಸಿ ಮೂಸಿ ನೋಡಿ, ಸ್ವಿಚ್ಚು ಒತ್ತುತ್ತಾರೆ. ಫ್ಯಾನು ಗುಂಯ್‌ಗುಡುತ್ತದೆ. ಸಣ್ಣ ಗಾಜಿನ ಕಿಂಡಿಯ ಹಿಂದೆ ಬೆಳಕು ಮೂಡುತ್ತದೆ. "ಹತ್ಕೊಂಡ" ಎಂದು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ಬಾಯ್ಲರಿಗೆ ಇನ್ನೂ ಹೊಸ ಬಣ್ಣದ ವಾಸನೆ ಇದೆ. ಇದು ಬಂದು ಕೆಲವೇ ವಾರ. ಬರಲು ಕಾರಣ ಕಾಳಮ್ಮನ ಹಠ. ಆ ಹಠಕ್ಕೆ ಕಾರಣ ಕಾಳಮ್ಮನದೇ ಒಂದು ತಪ್ಪು.

ಬೆಂಕಿಯ ನಂಟು ಅವರಿಗೆ ಹುಟ್ಟಿನಿಂದ ಬಂದದ್ದು. ತಂದೆ ಮೂರ್ತಪ್ಪ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಕುಲುಮೆಯ ಮುಂದೆ ಆಯುಷ್ಯ ಕಳೆದವರು. "ಅಪ್ಪ ಮನೆಗೆ ಬಂದ್ರೆ ಅಂಗಿ ತುಂಬ ಸಣ್ ಸಣ್ ತೂತು. ಕಿಡಿ ಬಿದ್ದಿದ್ದು. ಅವ್ವ ಹೊಲಿಯೋದು ಬಿಟ್ಟೇಬಿಟ್ಟಿದ್ಲು, ಗಾಳಿಯಾಡ್ಲಿ ಬಿಡು ಅಂತಿದ್ಲು." ಮದುವೆಯಾದ ಮೇಲೆ ಕಾಳಮ್ಮ ಅಲ್ಲೇ ಇನ್ನೊಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯಲು ಸೇರಿದರು. ಅನ್ನ ಬೇಯಿಸಲು ಅಲ್ಲೊಂದು ಹಬೆಯ ಬಾಯ್ಲರು ಇತ್ತು. ಅದನ್ನು ನೋಡಿಕೊಳ್ಳುತ್ತಿದ್ದ ತಮಿಳು ಮೇಸ್ತ್ರಿ ಕಣ್ಣು ಮಂಜಾದಾಗ ಕಾಳಮ್ಮನನ್ನು ಕರೆದು ಗೇಜಿನ ಮುಳ್ಳು ಓದಿಸುತ್ತಿದ್ದ. ಓದುತ್ತ ಓದುತ್ತ ಹಚ್ಚುವುದನ್ನೂ ಆರಿಸುವುದನ್ನೂ ಕಲಿತರು. "ಬಯಪ್ಪಡಾದೆ ಅಂತಿದ್ದ ಆ ಮನುಷ್ಯ. ಹೆದರ್ಬೇಡ ಅಂತ. ಆದ್ರೆ ಅದರ ಜೊತೇಲೇ, ಹೆದರಿಕೇನ ಪೂರ್ತಿ ಬಿಡ್ಬೇಡ ಅಂತಾನೂ ಹೇಳ್ತಿದ್ದ. ಎರಡೂ ತಮಿಳಲ್ಲೇ. ಎರಡನೇದು ಅರ್ಥ ಆಗೋಕೆ ನಂಗೆ ಟೈಮ್ ಹಿಡೀತು."

ಕ್ಯಾಂಟೀನು ಮುಚ್ಚಿತು. ಪತ್ರಿಕೆಗೆ ಬರೆಯಲೆಂದು ಆಮೇಲಿನ ಕೆಲವು ವರ್ಷಗಳ ಬಗ್ಗೆ ಕೇಳಿದರೆ ಕಾಳಮ್ಮ ಕೈ ಅಡ್ಡ ಹಿಡಿಯುತ್ತಾರೆ. "ಅದು ಬೇಡ. ಗಂಡನ ಕತೆ ಬೇಡ, ಕಷ್ಟದ ಕತೆ ಬೇಡ. ನೀನು ಬರೀತೀಯ, ಭಾನುವಾರ ಜನ ದೋಸೆ ತಿಂತಾ ಓದ್ತಾರೆ, 'ಅಯ್ಯೋ ಪಾಪ' ಅಂತಾರೆ, ಅದೇ ಪೇಪರಲ್ಲಿ ಕೈ ಒರೆಸ್ಕೊತಾರೆ. ನಂಗೆ ಯಾರ ಪಾಪಾನೂ ಬೇಡ. ಬಾಯ್ಲರ್ ಕತೆ ಬರಿ."

ಸರಿ, ಬಾಯ್ಲರಿನ ಕತೆ.

ಕಾಳಮ್ಮ ಇಲ್ಲಿಗೆ ಬಂದಾಗ ಇದ್ದದ್ದು ಕಟ್ಟಡದಷ್ಟೇ ಹಳೆಯ ಡೀಸೆಲ್ ಬಾಯ್ಲರು. ಹೊಟ್ಟೆಯ ತುಂಬ ತುಕ್ಕು, ಚಿಮಣಿಯಲ್ಲಿ ತೇಪೆ. ಹಚ್ಚಿದ ಕೂಡಲೇ ಒಂದು ಸಲ ಢಬ್ ಎಂದು ಕೆಮ್ಮಿ ಕಪ್ಪು ಹೊಗೆ ಉಗುಳುತ್ತಿತ್ತು. ಪಕ್ಕದ ಮನೆಯವರು ಒಣಹಾಕಿದ ಬಟ್ಟೆ ಹಿಡಿದುಕೊಂಡು ಜಗಳಕ್ಕೆ ಬರುತ್ತಿದ್ದರು. ಒಮ್ಮೆ ಕಿಂಡಿಯಿಂದ ಹಿಮ್ಮುಖವಾಗಿ ನುಗ್ಗಿದ ಬೆಂಕಿ ಕಾಳಮ್ಮನ ಎರಡೂ ಹುಬ್ಬು ಸುಟ್ಟಿತು. "ತಂಗಿ ಮಗಳ ಮದುವೆಗೆ ಹುಬ್ಬೇ ಇಲ್ದೆ ಹೋದೆ. ಹೊಳಲೂರಿನ ಜನವೆಲ್ಲ ನನ್ನೇ ನೋಡಿದ್ರು, ಹೆಣ್ಣನ್ನ ಯಾರೂ ನೋಡ್ಲಿಲ್ಲ. ತಂಗಿ ಈಗ್ಲೂ ಬೈತಾಳೆ."

ಮೂರು ವರ್ಷದ ಹಿಂದೆ ಶಿವಯೋಗಪ್ಪನವರು ತಾರಸಿಗೆ ಹೀಟ್ ಪಂಪು ಹಾಕಿಸಿದರು. ನಗರದ ಶಶಿಧರ್ ಎಂಬ ಮೆಕ್ಯಾನಿಕ್ ತಂದು ಕೂರಿಸಿದ. ಹೊಗೆ ಹೋಯಿತು, ಜಗಳ ನಿಂತಿತು, ಡೀಸೆಲ್ ಖರ್ಚು ಇಳಿಯಿತು. ಹೊಸದು ಬಂದಾಗ ಕಾಳಮ್ಮ ಮುನಿಸಿಕೊಂಡಿರಬಹುದು ಎಂದುಕೊಂಡಿದ್ದೆ. ಅವರಿಗೆ ನಗು ಬಂತು. "ಬೆಳಗಾ ಮುಂಚೆ ಮಸಿ ತಿನ್ನೋ ಕೆಲಸ ಕಮ್ಮಿ ಆಗುತ್ತೆ ಅಂದ್ರೆ ನಾನ್ಯಾಕೆ ಬೇಡ ಅನ್ಲಿ? ಆರತಿ ಎತ್ತಿ ಒಳಗೆ ಕರ್ಕೊಂಡೆ."

ಹಳೆಯ ಬಾಯ್ಲರು ಚಳಿಗಾಲಕ್ಕೆ, ಕರೆಂಟು ಹೋದ ದಿನಕ್ಕೆ ಎಂದು ಉಳಿಯಿತು. ಕಳೆದ ಮಳೆಗಾಲದಲ್ಲಿ ಅದರ ಒಳಗಿನ ಕೊಳವೆಗಳೇ ಸೋರತೊಡಗಿದವು. ಇನ್ನು ಬೆಸುಗೆ ಹಾಕಿ ಪ್ರಯೋಜನವಿಲ್ಲ, ಬದಲಾಯಿಸಿ, ಸಣ್ಣದೊಂದು ಹೊಸತು ಸಾಕು ಎಂದು ಶಶಿಧರ್ ಹೇಳಿದ. ಶಿವಯೋಗಪ್ಪನವರಿಗೆ ನೆಹರು ರಸ್ತೆಯಲ್ಲಿ ಬಟ್ಟೆ ಅಂಗಡಿ. ದೀಪಾವಳಿಯೆಂದರೆ ಅವರಿಗೆ ವರ್ಷದ ಸುಗ್ಗಿ. "ಹಬ್ಬ ಕಳೀಲಿ, ನೋಡಣ" ಎಂದರು. ಸತ್ತ ಬಾಯ್ಲರು ಕೋಣೆಯಲ್ಲಿ, ದುಡಿಯುವ ಪಂಪು ತಾರಸಿಯಲ್ಲಿ. ಹೀಗಿರುವಾಗ ಹಬ್ಬ ಬಂತು.

ನಮ್ಮ ಕಡೆ ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಬಚ್ಚಲಿನ ಹಂಡೆಯ ಹಳೆಯ ನೀರನ್ನೆಲ್ಲ ಚೆಲ್ಲಿ, ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕುತ್ತಿಗೆಗೆ ಹಿಂಡಲೆ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜೆ ಮಾಡುತ್ತಾರೆ. ಬೆಳಗಿನ ಜಾವ ಆ ನೀರು ಕಾಯಿಸಿ ಎಣ್ಣೆಸ್ನಾನ. ಕಾಳಮ್ಮ ಪ್ರತಿವರ್ಷ ಈ ಮರ್ಯಾದೆಯನ್ನು ಹಳೆಯ ಬಾಯ್ಲರಿಗೆ ತಪ್ಪದೆ ಮಾಡಿಕೊಂಡು ಬಂದವರು. ಹಿಂಡಲೆ ಬಳ್ಳಿ ಹೊಳಲೂರಿನ ತಂಗಿಯ ಬೇಲಿಯಿಂದ ಬರುತ್ತಿತ್ತು. ಈ ಸಲ ಬಾಯ್ಲರು ಸತ್ತಿದೆ. ಸತ್ತದ್ದಕ್ಕೆ ಪೂಜೆ ಮಾಡುವುದು ಹೇಗೆ? ನೀರು ಕಾಯುವುದು ಎಲ್ಲೋ ಅದೇ ಹಂಡೆ ಎಂದುಕೊಂಡು ಕಾಳಮ್ಮ ಬಳ್ಳಿಯನ್ನು ಹೆಗಲಿಗೆ ಹಾಕಿಕೊಂಡು ತಾರಸಿ ಹತ್ತಿದರು.

ಹತ್ತಿ, ಟ್ಯಾಂಕಿನ ತಳದ ನಲ್ಲಿ ಬಿಚ್ಚಿದರು. ಹಗಲೆಲ್ಲ ಹೀಟ್ ಪಂಪು ದುಡಿದು ಕಾಯಿಸಿದ್ದ ಎರಡು ಸಾವಿರ ಲೀಟರ್ ಬಿಸಿನೀರು ಹಬೆಯಾಡುತ್ತ ಚರಂಡಿ ಸೇರಿತು. ಒಳಗೆ ಕೈಹಾಕಿ ತಿಕ್ಕಿದರು, ತೊಳೆದರು, ಪಟ್ಟೆ ಬಳಿದರು, ಬಳ್ಳಿ ಸುತ್ತಿದರು, ಹೊಸ ತಣ್ಣೀರು ತುಂಬಿ ಊದುಬತ್ತಿ ಬೆಳಗಿ ಕೈ ಮುಗಿದು ಇಳಿದರು.

"ಶಶಿ ಮೊದಲ್ನೇ ದಿನಾನೇ ಹೇಳಿದ್ದ. ಕಾಳಮ್ಮನೋರೆ, ಇದು ಹಂಡೆ ಅಲ್ಲ, ಖಾಲಿ ಮಾಡಿದ್ರೆ ಮತ್ತೆ ಬಿಸಿ ಆಗೋಕೆ ಒಂದು ಹಗಲು ಬೇಕು ಅಂತ. ಈ ಕಿವೀಲಿ ಕೇಳಿಸ್ಕೊಂಡೆ, ಈ ಕಿವೀಲಿ ಬಿಟ್ಟೆ. ಹಬ್ಬದ ಗಡಿಬಿಡೀಲಿ ಯಾವುದೂ ತಲೇಲಿ ಇರ್ಲಿಲ್ಲ." ಸಾಲದ್ದಕ್ಕೆ ಆ ರಾತ್ರಿ ಕರೆಂಟು ಬಂದು ಹೋಗಿ ಮಾಡಿತು. ಬೆಳಗಾಗುವ ಹೊತ್ತಿಗೆ ನೀರು ಉಗುರುಬೆಚ್ಚಗೂ ಆಗಿರಲಿಲ್ಲ.

ಹಬ್ಬಕ್ಕೆ ರಜೆ ಸಿಕ್ಕವರೆಲ್ಲ ಊರಿಗೆ ಹೋಗಿದ್ದರು. ಉಳಿದಿದ್ದವರು ರಜೆ ಸಿಗದವರು. ಬಟ್ಟೆ ಅಂಗಡಿಯ ಹುಡುಗಿಯರಿಗೆ ಅಂದೇ ಹೆಚ್ಚು ವ್ಯಾಪಾರ. ನರ್ಸ್‌ಗಳಿಗೆ ರೋಗಿಗಳು ಹಬ್ಬ ನೋಡಿ ಬರುವುದಿಲ್ಲ. ಮನೆಯ ಹಬ್ಬವಂತೂ ಇಲ್ಲ, ಎಣ್ಣೆಸ್ನಾನವಾದರೂ ಇರಲಿ ಎಂದು ಎಲ್ಲರೂ ಒಬ್ಬರಿಗೊಬ್ಬರು ತಲೆಗೆ ಎಣ್ಣೆ ತಟ್ಟಿಕೊಂಡು, ಹಳೆಯ ನೈಟಿ ತೊಟ್ಟು ನಲ್ಲಿ ತಿರುಗಿಸಿದರೆ ತಣ್ಣೀರು. ಮೊದಲ ಕೂಗು ಎರಡನೇ ಮಹಡಿಯ ಅಮೂಲ್ಯಳದು. ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಆಕೆ ಎಣ್ಣೆ ಸುರಿಯುವ ತಲೆಯಲ್ಲೇ ಹಿತ್ತಲಿಗೆ ಓಡಿ ಬಂದಳು. "ಕಾಳಮ್ಮಾ! ಏನಿದು? ಗಂಗೇನ ಹಿಮಾಲಯದಿಂದ ನೇರವಾಗಿ ಬಿಟ್ಟಿದೀರಾ?"

ಕಾಳಮ್ಮ ಪೈಪು ಮುಟ್ಟಿ ನೋಡಿದರು. ತಾವೇನು ಮಾಡಿದ್ದೇವೆಂದು ಆಗ ಹೊಳೆಯಿತು. ಒಂದು ಕ್ಷಣ ಒಗೆಯುವ ಕಲ್ಲಿನ ಮೇಲೆ ಕೂತರಂತೆ. ಆಮೇಲೆ ಎದ್ದು, ಕಾಂಪೌಂಡಿನ ಮೂಲೆಯಲ್ಲಿದ್ದ ಕಟ್ಟಡದ ಕಲ್ಲುಗಳನ್ನು ಉರುಳಿಸಿಕೊಂಡು ಬಂದು ಅಂಗಳದ ನಡುವೆ ಒಲೆ ಹೂಡಿದರು. ಅಡುಗೆಮನೆಯಿಂದ ಅನ್ನದ ದೊಡ್ಡ ಹಂಡೆ ಬಂತು. ಉಳಿದು ಬಿದ್ದಿದ್ದ ಸೆಂಟ್ರಿಂಗ್ ಹಲಗೆ, ತೆಂಗಿನ ಸೋಗೆ, ಕಾಯಿಸಿಪ್ಪೆ ಎಲ್ಲ ಉರಿಯಿತು. ಬಕೆಟ್ಟಿನಲ್ಲಿ ತೋಡಿ ತೋಡಿ, ಒಬ್ಬೊಬ್ಬರಿಗೂ ಅಳೆದು ಕೊಟ್ಟರು. ತಲೆ ತೊಳೆಯದೆ ಯಾರೂ ಡ್ಯೂಟಿಗೆ ಹೋಗಲಿಲ್ಲ.

ಹೊಗೆ ಕಂಡು ಶಿವಯೋಗಪ್ಪನವರು ಹೊರಬಂದರು. ಮುಂದೆ ನಡೆದದ್ದು ಬಕೆಟ್ ಹಿಡಿದು ನಿಂತಿದ್ದ ಎಲ್ಲರ ಕಿವಿಗೂ ಬಿದ್ದಿದೆ.

"ಯಾರನ್ನ ಕೇಳಿ ಟ್ಯಾಂಕ್ ಖಾಲಿ ಮಾಡ್ದೆ ನೀನು?"

"ಹಬ್ಬ ಮಾಡಕ್ಕೆ ಯಾರನ್ನ ಕೇಳ್ತಾರೆ ಸಾರ್? ಪ್ರತೀ ವರ್ಷ ಮಾಡ್ತೀನಲ್ಲ."

"ಅದು ಹಂಡೆ ಅಲ್ಲ ಕಣಮ್ಮ, ಮೆಷೀನು! ಮೆಷೀನಿಗೆ ಯಾರಾದ್ರೂ ಬಳ್ಳಿ ಕಟ್ತಾರಾ?"

"ಆಯುಧಪೂಜೇಲಿ ನಿಮ್ ಕಾರಿಗೆ ಬಾಳೆಕಂಬ ಕಟ್ಟಿದ್ರಲ್ಲ, ಅದೇನು ಎತ್ತಿನಗಾಡೀನಾ?"

ಯಾರೋ ಕಿಸಕ್ಕೆಂದರು. ಶಿವಯೋಗಪ್ಪನವರ ಮುಖ ಕೆಂಪಾಯಿತು. ಇನ್ನು ಬಾಯ್ಲರೂ ಬೇಡ, ಬಾಯ್ಲರ್ ನೋಡಿಕೊಳ್ಳುವವರೂ ಬೇಡ, ಪಂಪು ತಾನಾಗಿಯೇ ನಡೆಯುತ್ತದೆ, ತಾರಸಿಗೆ ಬೀಗ, ಕಾಳಮ್ಮ ನಾಳೆಯಿಂದ ಕಾರಿಡಾರ್ ಗುಡಿಸಲಿ ಎಂದು ತೀರ್ಪು ಕೊಟ್ಟರು.

ಕಾಳಮ್ಮ ಕೈಯಲ್ಲಿದ್ದ ಬಕೆಟನ್ನು ಕೆಳಗಿಟ್ಟರು. "ತಪ್ಪು ನಂದೇ ಸಾರ್. ಇಷ್ಟು ಜನದ ಮುಂದೆ ಒಪ್ಕೊಂಡೆ. ಆದ್ರೆ ನಾನು ತಪ್ಪು ಮಾಡ್ದೆ ಅಂತ ಈ ಹುಡುಗೀರಿಗೆ ಯಾಕೆ ತಣ್ಣೀರು? ಸಾರಿಗೆ ಉಪ್ಪು ಜಾಸ್ತಿಯಾಯ್ತು ಅಂತ ಅಡಿಗೆಮನೇನೇ ಕೆಡವ್ತಾರಾ? ಇವತ್ತು ಕೆಳಗಿನೋನು ಇದ್ದಿದ್ರೆ ನನ್ನ ತಪ್ಪು ತಪ್ಪೇ ಆಗ್ತಿರ್ಲಿಲ್ಲ. ಬಾಯ್ಲರ್ ತನ್ನಿ. ತರೋವರೆಗೂ ಈ ಒಲೆ ಇಲ್ಲೇ ಇರುತ್ತೆ."

ಇತ್ತು. ದೀಪಾವಳಿ ಕಳೆದು ಕಾರ್ತಿಕದ ಚಳಿ ಇಳಿಯುತ್ತಿದ್ದಂತೆ ಊರಿಗೆ ಹೋಗಿದ್ದವರೆಲ್ಲ ಮರಳಿದರು. ಅಷ್ಟು ಜನ ಒಂದೇ ಹೊತ್ತಿಗೆ ಸ್ನಾನಕ್ಕೆ ನಿಂತಾಗ ಕಡೆಯ ಕೆಲವರಿಗೆ ಹೀಟ್ ಪಂಪಿನ ನೀರು ಸಾಲುತ್ತಿರಲಿಲ್ಲ. ಸಾಲದವರಿಗೆ ಕಾಳಮ್ಮನ ಒಲೆ. ಮಾಲೀಕರ ಮನೆಯ ಕಿಟಕಿಗೆ ನೇರವಾಗಿ, ಗೇಟಿನಿಂದ ಕಾಣುವಂತೆ, ಪ್ರತಿ ಬೆಳಗ್ಗೆ ಹೊಗೆ. ಬೇರೆ ಕಡೆ ಹೂಡಬಹುದಿತ್ತಲ್ಲ ಎಂದು ಕೇಳಿದೆ. "ಬೇರೆ ಕಡೆ ಹೂಡಿದ್ರೆ ಅವರ ಕಣ್ಣಿಗೆ ಹೊಗೆ ಹೋಗ್ತಿತ್ತಾ?" ನೀರು ಕೊಟ್ಟಾದ ಮೇಲೆ ಪೊರಕೆ ಹಿಡಿದು ಕಾರಿಡಾರನ್ನೂ ಗುಡಿಸುತ್ತಿದ್ದರು. "ಗುಡಿಸೋದು ಕೀಳಲ್ಲ. ಆದ್ರೆ ಶಿಕ್ಷೆ ಅಂತ ಕೊಟ್ಟಾಗ ಪೊರಕೆ ಭಾರ ಆಗುತ್ತೆ, ಮಗಾ."

ಶಿವಯೋಗಪ್ಪನವರು ಸುಮ್ಮನಿರಲಿಲ್ಲ. ಒಮ್ಮೆ ಕಲ್ಲುಗಳನ್ನು ಎತ್ತಿಸಿ ಹೊರಗೆ ಹಾಕಿಸಿದರು. ಮರುದಿನ ಕಾಳಮ್ಮ ಎಕ್ಸೆಲ್ಲಿನ ಮುಂದೆ, ಕಾಲಿಡುವ ಜಾಗದಲ್ಲಿ, ಜನ್ನಾಪುರದಿಂದ ಮೂರು ಕಲ್ಲು ಹೇರಿಕೊಂಡು ಬಂದರು. "ನಿಮ್ಮ ಕಲ್ಲು ನಿಮಗೇ ಇರ್ಲಿ, ಇವು ನಮ್ಮೂರಿನವು" ಎಂದರು. ಕೆಲಸದಿಂದಲೇ ತೆಗೆಯುತ್ತೇನೆ ಎಂಬ ಮಾತೂ ಬಂತು. ಆ ವಾರ ಕಾಳಮ್ಮ ಮನೆಯಲ್ಲಿ ಯಾರಿಗೂ ಹೇಳದೆ ಭದ್ರಾವತಿಯ ಒಂದೆರಡು ಹೋಟೆಲುಗಳಲ್ಲಿ ಕೆಲಸ ವಿಚಾರಿಸಿದ್ದರು. ಅದನ್ನು ಈಗ, ಇಷ್ಟು ದಿನ ಕಳೆದ ಮೇಲೆ, ಮುಖ ತಿರುಗಿಸಿಕೊಂಡು ಹೇಳುತ್ತಾರೆ. "ಹೆದರಿಕೆ ಇರ್ಲಿಲ್ಲ ಅಂತ ಬರೀಬೇಡ. ಇತ್ತು. ಇಟ್ಕೊಂಡೇ ಒಲೆ ಹಚ್ತಿದ್ದೆ."

ಕಾರ್ತಿಕದ ಒಂದು ಸೋಮವಾರ. ಹಿಂದಿನ ರಾತ್ರಿ ಬಡಾವಣೆಯ ಟ್ರಾನ್ಸ್‌ಫಾರ್ಮರ್ ಸುಟ್ಟು, ಹೀಟ್ ಪಂಪು ಮೌನವಾಗಿತ್ತು. ಕಟ್ಟಡದ ಸಣ್ಣ ಜನರೇಟರ್ ಲೈಟು, ಫ್ಯಾನಿಗಷ್ಟೇ. ಪಂಪನ್ನು ಎಳೆಯುವ ತಾಕತ್ತು ಅದಕ್ಕಿಲ್ಲ. ಇಡೀ ವಸತಿಗೃಹ ಅಂಗಳದ ಒಲೆಯ ಮುಂದೆ ಸಾಲು ನಿಂತಿತ್ತು. ಆಗ ಮುಂಬಾಗಿಲು ತೆರೆದು ಶಿವಯೋಗಪ್ಪನವರ ಪತ್ನಿ ಉಮಾಮಹೇಶ್ವರಿ ಬಂದರು, ಕೈಯಲ್ಲಿ ಬಕೆಟ್. ಕಾರ್ತಿಕ ಸೋಮವಾರ ಸ್ನಾನವಾಗದೆ ಅವರು ಪೂಜೆಗೆ ಕೂರುವಂತಿಲ್ಲ, ಪೂಜೆಯಾಗದೆ ಒಂದು ಹನಿ ನೀರೂ ಬಾಯಿಗೆ ಬೀಳುವಂತಿಲ್ಲ.

"ಕಾಳಮ್ಮ, ಬೇಗ ಒಂದು ಬಕೆಟ್ ಹಾಕು. ಪೂಜೆಗೆ ಹೊತ್ತಾಯ್ತು."

"ಹಾಕ್ತೀನಿ ಅಮ್ಮಾ. ಆ ಚೂಡಿದಾರದ ಹುಡುಗಿ ಹಿಂದೆ ನಿಂತ್ಕೊಳ್ಳಿ."

ಸಾಲಿನ ಮುಂದಿದ್ದ ಅಮೂಲ್ಯ ಮುಜುಗರದಿಂದ, "ಪರವಾಗಿಲ್ಲ, ಆಂಟಿ ಮೊದ್ಲು ಹೋಗ್ಲಿ" ಎಂದಳು.

"ನಿಂಗೆ ಡ್ಯೂಟಿ ಇಲ್ವೇನೇ?" ಕಾಳಮ್ಮ ತೋಡುವ ಚೊಂಬನ್ನು ಅವಳತ್ತ ಆಡಿಸಿದರು. "ಶಿವ ಕಾಯ್ತಾನೆ ಕಣೇ. ನಿಮ್ಮ ಆಸ್ಪತ್ರೆ ಪಂಚಿಂಗ್ ಮೆಷೀನ್ ಕಾಯಲ್ಲ. ಹಿಡಿ ಬಕೆಟ್."

ಉಮಾಮಹೇಶ್ವರಿಯವರು ಸೆರಗನ್ನು ಹೊದ್ದುಕೊಂಡು ಹೋಗಿ ಸಾಲಿನ ಕೊನೆಯಲ್ಲಿ ನಿಂತರು. ಹೊಗೆ ಅವರತ್ತಲೇ ತಿರುಗಿತು. ಕಣ್ಣೊರೆಸಿಕೊಂಡರು, ಕೆಮ್ಮಿದರು, ಜಾಗ ಬಿಡಲಿಲ್ಲ. ತಮ್ಮ ಸರದಿ ಬಂದಾಗ ನೀರು ಹಿಡಿದುಕೊಂಡು, "ದಿನಾ ಇಷ್ಟು ಹೊಗೆ ಕುಡೀತೀಯೇನೇ?" ಎಂದು ಕೇಳಿದರು. "ನಿಮ್ಮ ಯಜಮಾನ್ರು ಕುಡಿಸ್ತಿದಾರೆ ಅಮ್ಮಾ" ಎಂದು ಉತ್ತರ ಬಂತು. ಬಕೆಟ್ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ತೇಲಿಬಂದ ದನಿಯನ್ನು ಇಡೀ ಸಾಲು ಕೇಳಿತು: "ರೀ, ಹೋದ್ಸಲ ಕಾರಿಗೆ ಹೊಸ ಟೈರು ಹಾಕ್ಸೋವಾಗ ಸ್ಟೆಪ್ನಿ ಯಾಕೆ ಅಂತ ಕೇಳಿದ್ರಾ ನೀವು?"

ಶಿವಯೋಗಪ್ಪನವರು ಈಗ ಇದನ್ನೆಲ್ಲ ನಗುತ್ತಲೇ ನೆನೆಸಿಕೊಳ್ಳುತ್ತಾರೆ. "ಡೀಸೆಲ್ ರೇಟು ನೋಡಿದೀಯೇನಮ್ಮ? ಪಕ್ಕದ ಮನೆಯೋರ ಮಾತು ಕೇಳಿದೀಯಾ? ನಾನು ಅಂದಿದ್ದು ಪೂರಾ ತಪ್ಪೇನಲ್ಲ. ಆದ್ರೆ ಆ ಹೆಂಗಸಿನ ಜೊತೆ ವಾದ ಮಾಡೋದಕ್ಕಿಂತ ಬಾ‌ಯ್ಲರ್ ತರೋದೇ ಅಗ್ಗ ಅನ್ನಿಸ್ತು."

ಆ ವಾರವೇ ಶಶಿಧರ್ ಬಂದ. ಹಳೆಯ ಬಾಯ್ಲರು ಬಾಗಿಲಲ್ಲಿ ಹಿಡಿಯದೆ ಗ್ಯಾಸ್ ಕಟರಿನಲ್ಲಿ ಕೊಯ್ದು ತುಂಡು ಮಾಡಬೇಕಾಯಿತು. ಗುಜರಿಯವರ ಗಾಡಿ ತುಂಬಿ ಹೊರಟಾಗ ಕಾಳಮ್ಮನ ಕಣ್ಣಲ್ಲಿ ನೀರು ಬಂದಿತೇ? "ಯಾಕೆ ಬರ್ಬೇಕು? ಅದು ಮುದಿಯಾಗಿತ್ತು, ಬದಲಿ ಬೇಕು ಅಂತ ನಾನೇ ಬಡ್ಕೊಂಡಿದ್ದು. ನನ್ನ ಹುಬ್ಬು ತಿಂದಿದ್ದಕ್ಕೆ ಒಂದು ಒದೆ ಕೊಟ್ಟು ಕಳಿಸ್ದೆ." ಹೊಸದು ಅದರ ಅರ್ಧದಷ್ಟೂ ಇಲ್ಲ. ಚಿಮಣಿಯನ್ನು ಪಕ್ಕದ ಮನೆಯ ಬಟ್ಟೆಯ ಹಗ್ಗಕ್ಕಿಂತ ಎತ್ತರಕ್ಕೆ ಎತ್ತಿದ್ದಾರೆ. ಹೀಟ್ ಪಂಪು ಇದ್ದಲ್ಲೇ ಇದೆ.

ಎಲ್ಲ ಜೋಡಿಸಿ ಮುಗಿದ ಮೇಲೆ ಶಶಿಧರ್ ಕೈ ಒರೆಸಿಕೊಳ್ಳುತ್ತ ಕೇಳಿದ, "ಇದನ್ನ ನೋಡ್ಕೊಳ್ಳೋದು ಯಾರು ಸಾರ್? ಅವರಿಗೆ ಹೇಳ್ಕೊಡ್ಬೇಕು."

"ಎಲ್ಲ ಆಟೋಮ್ಯಾಟಿಕ್ ಅಂದ್ಯಲ್ಲಪ್ಪ?"

"ದಿನದ ಮಟ್ಟಿಗೆ ಹೌದು ಸಾರ್. ಕರೆಂಟ್ ಹೋದ್ರೆ ಜನರೇಟರಿಗೆ ಹಾಕಿ ಕೈಯಿಂದ ಹಚ್ಬೇಕು, ಇದನ್ನ ಜನರೇಟರ್ ಎಳೆಯುತ್ತೆ. ಡೀಸೆಲ್ ಸೋರಿದ್ರೆ ಗೊತ್ತಾಗ್ಬೇಕು, ಜಾಲರಿ ತೊಳೀಬೇಕು. ಆಳು ಬೇಕೇ ಬೇಕು."

ಕಾಳಮ್ಮ ಆಗ ಮೊದಲ ಮಹಡಿಯ ಮೆಟ್ಟಿಲು ಗುಡಿಸುತ್ತಿದ್ದರು. ಇಳಿದು ಬಂದು ಬಾಯ್ಲರ್ ಮನೆಯ ಬಾಗಿಲಲ್ಲಿ ನಿಂತರು. ಪೊರಕೆಯನ್ನು ಗೋಡೆಗೆ ಒರಗಿಸಿದರು. "ಹೇಳ್ಕೊಡಪ್ಪ" ಎಂದರು.

ಶಶಿಧರ್ ಮಾಲೀಕರ ಮುಖ ನೋಡಿದ. ಶಿವಯೋಗಪ್ಪನವರು ಜೇಬಿನಿಂದ ಕೋಣೆಯ ಬೀಗದ ಕೈ ತೆಗೆದರು, ಆದರೆ ಕೊಡಲಿಲ್ಲ. "ಒಂದು ಮಾತು ಕೊಡು. ಇನ್ಮೇಲೆ ಹಬ್ಬ ಗಿಬ್ಬ ಅಂತ ಟ್ಯಾಂಕ್ ಖಾಲಿ ಮಾಡಲ್ಲ ಅನ್ನು. ಕೆಲಸ ನಿಂದು."

ಸುಲಭದ ಮಾತು. ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮೆಟ್ಟಿಲ ಮೇಲೆ ನಿಂತಿದ್ದ ನಾವೆಲ್ಲ ಕಾಳಮ್ಮ ಹೂಂ ಎನ್ನಲಿ ಎಂದೇ ಕಾಯುತ್ತಿದ್ದೆವು.

"ಮಾಡ್ತೀನಿ ಸಾರ್" ಎಂದರು ಕಾಳಮ್ಮ. "ಸುಳ್ಳು ಹೇಳಿ ಕೀ ಈಸ್ಕೊಳ್ಳಲ್ಲ. ಮುಂದಿನ ವರ್ಷಾನೂ ನೀರು ತುಂಬೋ ಹಬ್ಬ ಬರುತ್ತೆ, ಬಳ್ಳಿ ತರ್ತೀನಿ, ಹಳೇ ನೀರು ಚೆಲ್ತೀನಿ. ಆದ್ರೆ ಬೆಳಗ್ಗೆ ಬೇಗ ಚೆಲ್ಲಿ, ಆಗ್ಲೇ ತುಂಬಿ, ಮೇಲಿನೋನಿಗೆ ಹಗಲೆಲ್ಲ ಟೈಮ್ ಕೊಡ್ತೀನಿ. ಅವನ ಕೈಲಿ ಆಗ್ಲಿಲ್ಲ ಅಂದ್ರೆ ಇವನಿದಾನೆ. ಒಬ್ಬನ ಕೈ ಸೋತಾಗ ಇನ್ನೊಬ್ಬ ನಿಲ್ಬೇಕು. ಎರಡು ಇಟ್ಕೊಳ್ಳೋದು ಅದಕ್ಕೇ ಅಲ್ವಾ? ಬೇಡ ಅಂದ್ರೆ ಹೇಳಿ. ಪೊರಕೆ ಅಲ್ಲೇ ಇದೆ. ಕಲ್ಲೂ ಅಂಗಳದಲ್ಲೇ ಇವೆ."

ಶಶಿಧರ್ ತಲೆ ತಗ್ಗಿಸಿ ಸ್ಪ್ಯಾನರ್ ಹುಡುಕತೊಡಗಿದ. ಶಿವಯೋಗಪ್ಪನವರು ಅಂಗಳದ ಕಲ್ಲುಗಳನ್ನು ನೋಡಿದರು, ತಮ್ಮ ಮನೆಯ ಕಿಟಕಿಯನ್ನು ನೋಡಿದರು. ಕಿಟಕಿಯ ಪರದೆ ಸ್ವಲ್ಪ ಸರಿದಿತ್ತು. "ಹೇಳ್ಕೊಡಪ್ಪ ಆಯಮ್ಮನಿಗೆ" ಎಂದು ಬೀಗದ ಕೈಯನ್ನು ಬಾಯ್ಲರಿನ ಮೇಲಿಟ್ಟು ಒಳಗೆ ನಡೆದರು.

ಈಗ ಬೆಳಗು ಹರಿದಿದೆ. ಮೂರೂ ಮಹಡಿಗಳಲ್ಲಿ ನೀರಿನ ಸದ್ದು, ಬಕೆಟ್ ಎಳೆಯುವ ಸದ್ದು, ಬೇಗ ಬಾರೇ ಎಂದು ಬಾಗಿಲು ಬಡಿಯುವ ಸದ್ದು. ಕಾಳಮ್ಮ ಬಾಯ್ಲರ್ ಆರಿಸಿ ಹೊಸ್ತಿಲ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಾರೆ. ಕಾರಿಡಾರಿಗೆ ಬೇರೆಯವರು ಬಂದಿದ್ದಾರೆ. ಕಳೆದ ವಾರದಿಂದ ಅಮೂಲ್ಯ ಪಾಳಿ ಇಲ್ಲದ ದಿನ ಬೇಗ ಎದ್ದು ಬಾಯ್ಲರ್ ಹಚ್ಚುವುದನ್ನು ಕಲಿಯುತ್ತಿದ್ದಾಳೆ. ಇನ್ನೂ ಇಬ್ಬರು ಹೆಸರು ಕೊಟ್ಟಿದ್ದಾರೆ. ಕಾಳಮ್ಮನೇ ಒತ್ತಾಯ ಮಾಡಿ ಸೇರಿಸಿದ್ದು.

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಇಂಥ ಲೇಖನಗಳಲ್ಲಿ ಕೊನೆಗೆ ಕೇಳುವ ಪ್ರಶ್ನೆ ಅದು ಎಂದು ಅವರಿಗೂ ಗೊತ್ತು. ಒಂದು ಸಲ ನನ್ನನ್ನು ಓರೆಗಣ್ಣಿನಿಂದ ನೋಡಿ ಲೋಟ ಕೆಳಗಿಡುತ್ತಾರೆ.

"ಎಂಟು ವರ್ಷದಲ್ಲಿ ಚಳಿಗಾಲದ ಒಂದು ಬೆಳಗ್ಗೆನೂ ನಾನು ಹೊದ್ಕೊಂಡು ಮಲಗಿಲ್ಲ. ಬಿಸಿಲು ಕಿಟಕೀಲಿ ಬಂದು ಮುಖಕ್ಕೆ ಬೀಳೋವರೆಗೂ ಮಲಗ್ಬೇಕು. ಮೇಲಿನೋನು ಇದಾನೆ, ಕೆಳಗಿನೋನು ಇದಾನೆ, ಹಚ್ಚೋಕೆ ಅಮೂಲ್ಯ ಇದಾಳೆ. ಬರೋ ಭಾನುವಾರ ನಾನು ರಜಾ. ಶಿವಯೋಗಪ್ಪನೋರಿಗೆ ಹೇಳಿದೀನಿ."

ಹೆಲ್ಮೆಟ್ ಎತ್ತಿಕೊಂಡು ಎದ್ದವರು ಒಮ್ಮೆ ತಿರುಗಿ, ನಾನು ಸರಿಯಾಗಿ ಬರೆದುಕೊಂಡೆನೇ ಎಂದು ನೋಡುತ್ತಾರೆ.

"ಕೇಳಿದೀನಿ ಅಂತ ಬರೀಬೇಡ ಮತ್ತೆ. ಹೇಳಿದೀನಿ."